ಜೆರಾಕ್ಸ್ ರಿಪೇರಿಯವರು ಹಣ ಬೇಡವೆಂದದ್ದೇಕೆ?

ಕಚೇರಿಗೆ ಹೊಸ ತಂತ್ರಾಂಶ ತಂದರೆ ಸಾಕು, ನೌಕರರೆಲ್ಲ ತಮಗೆ ಗೊತ್ತಿದ್ದನ್ನು ಅದರಲ್ಲಿ ಬರೆಯುತ್ತಾರೆ, ಒಬ್ಬರ ವಿಚಾರಕ್ಕೆ ಇನ್ನೊಬ್ಬರದು ಸೇರಿ ಹೊಸದೇನೋ ಹುಟ್ಟುತ್ತದೆ ಎಂಬ ನಂಬಿಕೆ ಕಂಪನಿಗಳಲ್ಲಿ ಬಲವಾಗಿದೆ. ಇದು ಸುಳ್ಳೆಂದು ಗೊತ್ತಾಗಿ ಮೂವತ್ತು ವರ್ಷಕ್ಕೂ ಮೇಲಾಯಿತು. ಆದರೂ ಪ್ರತಿ ಹೊಸ ಆ್ಯಪ್ ಬಂದಾಗ ಅದೇ ನಿರೀಕ್ಷೆ, ಅದೇ ನಿರಾಸೆ.

1990ರ ಸುಮಾರಿನಲ್ಲಿ ಅಮೆರಿಕದ ದೊಡ್ಡ ಸಲಹಾ ಸಂಸ್ಥೆಯೊಂದು ಲೋಟಸ್ ನೋಟ್ಸ್ ಎಂಬ ತಂತ್ರಾಂಶವನ್ನು ಸಾವಿರಾರು ನೌಕರರಿಗೆ ಕೊಡಿಸಿತು. ನೌಕರರೆಲ್ಲ ಒಂದೇ ಕಡೆ ಬರೆದು, ಓದಿ, ಹಂಚಿಕೊಳ್ಳಲು ಇಂದು ಸ್ಲ್ಯಾಕ್, ಟೀಮ್ಸ್ ಎಂಬ ಆ್ಯಪ್‌ಗಳು ಮಾಡುವ ಕೆಲಸವನ್ನು ಅಂದು ಅದು ಮಾಡುತ್ತಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕಿ ವಾಂಡಾ ಒರ್ಲಿಕೋವ್ಸ್ಕಿ ಅಲ್ಲಿ ಏನಾಗುತ್ತಿದೆಯೆಂದು ಒಳಹೊಕ್ಕು ನೋಡಿ 1992ರಲ್ಲಿ ಪ್ರಬಂಧ ಬರೆದರು. ಸಲಹೆಗಾರರ ಪ್ರತಿ ಗಂಟೆಯೂ ಗ್ರಾಹಕರ ಬಿಲ್ಲಿಗೆ ಹೋಗಬೇಕು. ನೋಟ್ಸ್ ಕಲಿಯುವ ಗಂಟೆಯನ್ನು ಯಾರ ಬಿಲ್ಲಿಗೂ ಹಾಕುವಂತಿಲ್ಲ. ಬಡ್ತಿ ಸಿಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಪಕ್ಕದವನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬುದೇ ಅಲ್ಲಿ ಬಂಡವಾಳವಾಗಿರುವಾಗ ಅದನ್ನು ಎಲ್ಲರಿಗೂ ಕಾಣುವ ಕಡೆ ಯಾರು ಬರೆಯುತ್ತಾರೆ? ಬಹುಪಾಲು ಜನ ನೋಟ್ಸನ್ನು ಇಮೇಲ್‌ನಂತೆ ಬಳಸಿ ಸುಮ್ಮನಾದರು. ಆದರೆ ಅದೇ ಸಂಸ್ಥೆಯಲ್ಲಿ, ಮೇಲಿನ ಸ್ಥಾನ ತಲುಪಿ ನೌಕರಿ ಭದ್ರವಾಗಿದ್ದವರಿಗೆ ಹಂಚಿಕೊಳ್ಳಲು ಅಷ್ಟು ಹಿಂಜರಿಕೆ ಇರಲಿಲ್ಲ. ತಂತ್ರಾಂಶ ಒಂದೇ, ಮನಸ್ಸು ಬೇರೆ.

ಈ ಭಯ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ 1665ರಲ್ಲಿ ವಿಜ್ಞಾನ ಪತ್ರಿಕೆ ಶುರುಮಾಡಿದ. ಕಂಡುಹಿಡಿದದ್ದನ್ನು ಪ್ರಕಟಿಸಿದರೆ ಯಾರು ಮೊದಲು ಎಂಬುದು ಹೆಸರು, ದಿನಾಂಕದ ಸಮೇತ ದಾಖಲಾಗುತ್ತದೆ. ಎಂಥ ಅದ್ಭುತ ವ್ಯವಸ್ಥೆ! ಆದರೂ ಹನ್ನೊಂದು ವರ್ಷದ ಬಳಿಕ, 1676ರಲ್ಲಿ, ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ತನ್ನ ಸ್ಪ್ರಿಂಗ್ ನಿಯಮವನ್ನು ಪ್ರಕಟಿಸಿದ್ದು ಹೇಗೆ ಗೊತ್ತೇ? ಲ್ಯಾಟಿನ್ ವಾಕ್ಯವೊಂದರ ಅಕ್ಷರಗಳನ್ನು ಬಿಡಿಬಿಡಿಯಾಗಿಸಿ, ಅಕಾರಾದಿಯಲ್ಲಿ ಜೋಡಿಸಿ, ಅರ್ಥವಿಲ್ಲದ ಹದಿನಾಲ್ಕು ಅಕ್ಷರಗಳ ಸಾಲಾಗಿ. ಗುಟ್ಟು ಬಿಡದೆಯೇ ತಾನೇ ಮೊದಲು ಎನ್ನಲು ಇದೊಂದು ಉಪಾಯ. ಒಗಟು ಬಿಡಿಸಿದ್ದು 1678ರಲ್ಲಿ: ಬಲ ಎಷ್ಟೋ ಹಿಗ್ಗುವಿಕೆ ಅಷ್ಟು. ಪತ್ರಿಕೆ ಕೈಗೆಟುಕುವಂತಿತ್ತು, ಪತ್ರಿಕೆಯವನ ಮೇಲೆ ನಂಬಿಕೆ ಇರಲಿಲ್ಲ. ತನ್ನ ಗಡಿಯಾರದ ಗುಟ್ಟನ್ನು ಓಲ್ಡೆನ್‌ಬರ್ಗನೇ ಹಾಲೆಂಡಿನ ವಿಜ್ಞಾನಿ ಹಾಯ್ಗೆನ್ಸ್‌ಗೆ ದಾಟಿಸಿದನೆಂಬ ಗುಮಾನಿ ಹುಕ್‌ನ ತಲೆಯಲ್ಲಿ ಕೂತಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ನನಗೆ ಅತ್ಯಂತ ಪ್ರಿಯವಾದ ಕಥೆ. ಜೆರಾಕ್ಸ್ ಕಂಪನಿಯ ರಿಪೇರಿಯವರ ಹಿಂದೆ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಸುತ್ತಾಡಿದ. ಕೈಪಿಡಿಯಲ್ಲಿ ಪ್ರತಿ ದೋಷಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಪರಿಹಾರ. ಆದರೆ ಒಮ್ಮೆ ಯಂತ್ರ ತೋರಿಸುತ್ತಿದ್ದ ಸಂಖ್ಯೆಗೂ ಅದರ ನಿಜವಾದ ಕಾಯಿಲೆಗೂ ತಾಳೆಯೇ ಆಗಲಿಲ್ಲ. ರಿಪೇರಿಯವನು ಅನುಭವಿ ತಜ್ಞನನ್ನು ಕರೆಸಿದ. ಅವನಿಗೂ ಬಗೆಹರಿಯಲಿಲ್ಲ. ಇಬ್ಬರೂ ಯಂತ್ರದೆದುರು ನಿಂತು, ಹಿಂದೆ ಎಲ್ಲೆಲ್ಲಿ ಯಾವ ಯಂತ್ರ ಹೇಗೆ ಕೈಕೊಟ್ಟಿತ್ತು ಎಂದು ಒಬ್ಬರಿಗೊಬ್ಬರು ಕಥೆ ಹೇಳತೊಡಗಿದರು. ಒಂದು ಕಥೆಯ ತುದಿ ಇನ್ನೊಂದಕ್ಕೆ ಸಿಕ್ಕಿಕೊಂಡು ಕೊನೆಗೆ ದೋಷ ಸಿಕ್ಕಿತು. ಚಹಾ, ಊಟದ ಹೊತ್ತಿನ ಹರಟೆಯಲ್ಲೇ ಇವರ ಜ್ಞಾನವೆಲ್ಲ ಓಡಾಡುತ್ತಿತ್ತು.

ಕಂಪನಿಯ ಕಂಪ್ಯೂಟರ್ ವಿಜ್ಞಾನಿಗಳು ದೋಷ ಪತ್ತೆಗೆ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಕಟ್ಟಿದ್ದರು. ರಿಪೇರಿಯವರು ಅದನ್ನು ಮೆಚ್ಚಿದರು, ಆದರೆ ನಮಗೆ ಬೇಕಾದ್ದು ಇದಲ್ಲ ಎಂದರು. ಕೈಪಿಡಿಯಲ್ಲಿ ಇಲ್ಲದ್ದು ಅವರಿಗೆ ಬೇಕಿತ್ತು, ಅದು ಅವರವರ ಸ್ವಂತ ಟಿಪ್ಪಣಿಗಳಲ್ಲಿತ್ತು. ಹಾಗೆ 1990ರ ದಶಕದಲ್ಲಿ ಫ್ರಾನ್ಸಿನಲ್ಲಿ 'ಯುರೇಕಾ' ಹುಟ್ಟಿತು, ಅದೂ ಮಿನಿಟೆಲ್ ಎಂಬ ಫೋನ್ ತಂತಿಯ ಜಾಲದ ಮೇಲೆ. (ಅಂತರ್ಜಾಲಕ್ಕೆ ಮೊದಲೇ ಫ್ರೆಂಚರ ಮನೆಮನೆಯಲ್ಲಿದ್ದ ಆ ಜಾಲ 2012ರವರೆಗೂ ನಡೆಯಿತು.) ರಿಪೇರಿಯವರು ಸಲಹೆ ಬರೆಯುತ್ತಾರೆ, ಅನುಭವಿ ಸಹೋದ್ಯೋಗಿ ಅದನ್ನು ಪರಿಶೀಲಿಸುತ್ತಾನೆ, ಬಳಿಕ ಬರೆದವನ ಹೆಸರಿನೊಂದಿಗೆ ಪ್ರಕಟಣೆ.

ಸಲಹೆಗೆ ಹಣ ಕೊಡುವ ಮಾತು ಬಂದಾಗ ರಿಪೇರಿಯವರೇ ವಿರೋಧಿಸಿದರು. ದುಡ್ಡು ಬಂದರೆ ಎಷ್ಟು ಬರೆದೆ ಎಂಬ ಎಣಿಕೆ ಶುರುವಾಗುತ್ತದೆ, ಗುಣ ಹೋಗುತ್ತದೆ ಎಂಬುದು ಅವರ ವಾದ. ಹೆಸರು ಸಾಕು ಎಂದರು. ಓದುವವರೂ ಅದೇ ಕಸುಬಿನವರು, ತಪ್ಪು ಸಲಹೆ ಕೊಟ್ಟರೆ ಮಾನ ಹೋಗುವುದು ಅವರೆದುರೇ, ಸರಿಯಾದದ್ದಕ್ಕೆ ಮೆಚ್ಚುಗೆ ಸಿಗುವುದೂ ಅವರಿಂದಲೇ. ಬರೆದದ್ದರಿಂದ ಬರೆದವನ ಬೆಲೆ ಏರುತ್ತದೆ ಎಂಬ ಖಾತ್ರಿ ಇತ್ತು. ನೋಟ್ಸ್ ಎದುರು ಕೂತ ಸಲಹೆಗಾರನಿಗೆ ಇಲ್ಲದಿದ್ದದ್ದು ಇದೇ.

ಆ ಎಣಿಕೆಯ ಭಯ ನಿಜವಾದದ್ದು ನಮ್ಮ ಬೆಂಗಳೂರಿನಲ್ಲಿ. ಇನ್ಫೋಸಿಸ್ 2001ರ ಸುಮಾರಿಗೆ ತನ್ನ ಒಳಜಾಲದಲ್ಲಿ ಜ್ಞಾನ ಹಂಚಿಕೊಂಡವರಿಗೆ ಅಂಕ ಕೊಡುವ ಯೋಜನೆ ತಂದಿತು. ಅಂಕಗಳನ್ನು ಹಣಕ್ಕೋ ಉಡುಗೊರೆಗೋ ಬದಲಾಯಿಸಿಕೊಳ್ಳಬಹುದಿತ್ತು. ಬರಹಗಳ ಮಹಾಪೂರವೇ ಹರಿದು ಬಂತು. ಪರಿಶೀಲಿಸುವವರು ಸುಸ್ತಾದರು, ಗುಣಮಟ್ಟದ ಬಗ್ಗೆ ಅನುಮಾನ ಎದ್ದಿತು, ಹುಡುಕುವವರಿಗೆ ಕಾಳು ಯಾವುದು ಜೊಳ್ಳು ಯಾವುದು ತಿಳಿಯದಾಯಿತು. ಕಂಪನಿ ಇದನ್ನು ಬೇಗನೆ ಗುರುತಿಸಿತು ಎಂಬುದು ಮೆಚ್ಚತಕ್ಕ ಸಂಗತಿ. 2002ರಲ್ಲಿ ಹಣದ ಆಮಿಷ ಕಡಿಮೆ ಮಾಡಿ, ಆ ಬರಹವನ್ನು ಬಳಸಿದವರಿಗೆ ಅದರಿಂದ ನಿಜಕ್ಕೂ ಎಷ್ಟು ಉಪಯೋಗವಾಯಿತು ಎಂಬುದಕ್ಕೆ ಹೆಚ್ಚು ಬೆಲೆ ಕೊಡತೊಡಗಿತು.