ರಿಯರ್‌ಸೆಟ್ ಹಾಕಿಸಿದರೆ ಮುಂದಿನ ಚಕ್ರಕ್ಕೆ ಭಾರ ಬೀಳುತ್ತಾ?

ಪ್ರಶ್ನೆ: ನನ್ನದು 390 ಡ್ಯೂಕ್. ವಾರವೆಲ್ಲ ಮಾರತ್ತಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ, ಭಾನುವಾರ ನಂದಿ ಬೆಟ್ಟ. ರಿಯರ್‌ಸೆಟ್ ಹಾಕಿಸಿದರೆ ಮುಂದಿನ ಚಕ್ರದ ಮೇಲೆ ಭಾರ ಬಿದ್ದು ತಿರುವಿನಲ್ಲಿ ಬೈಕ್ ಗಟ್ಟಿಯಾಗಿ ನಿಲ್ಲುತ್ತೆ ಅಂತಾರೆ. ಯಾವ ಸೆಟ್ ತಗೊಳ್ಳಲಿ?

ಬೈಕಿನ ಹೆಸರು ಬದಲಾಗುತ್ತದೆ, ಆಫೀಸಿನ ದಾರಿ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಎಂಟಿ-15 ಇಟ್ಟುಕೊಂಡವರೂ ಕೇಳುತ್ತಾರೆ, ಇಂಟರ್‌ಸೆಪ್ಟರ್ ಇಟ್ಟುಕೊಂಡವರೂ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಈ ‘ಮುಂದಿನ ಚಕ್ರದ ಭಾರ’ ಮತ್ತೆ ತಲೆ ಎತ್ತುತ್ತದೆ. ಹಾಗಾಗಿ ಈ ಸಲ ಲೆಕ್ಕವನ್ನೇ ಬಿಡಿಸಿ ಇಡುತ್ತೇನೆ. ರಿಯರ್‌ಸೆಟ್ ಅಂದರೆ ಸವಾರ ಕಾಲಿಡುವ ಪೆಗ್ಗನ್ನೂ ಅದರ ಜೊತೆಗಿನ ಗೇರ್, ಬ್ರೇಕ್ ಪೆಡಲನ್ನೂ ಹಿಂದಕ್ಕೆ, ಮೇಲಕ್ಕೆ ಒಯ್ಯುವ ಲೋಹದ ಪ್ಲೇಟುಗಳ ಜೋಡಿ.

ಚಿಕ್ಕ ಉತ್ತರ: ಭಾರ ಬೀಳುವುದಿಲ್ಲ. ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ.

ಯಾವ ಚಕ್ರದ ಮೇಲೆ ಎಷ್ಟು ಭಾರ ಎಂಬುದನ್ನು ತೀರ್ಮಾನಿಸುವುದು ಬೈಕ್ ಮತ್ತು ಸವಾರ ಇಬ್ಬರ ಒಟ್ಟು ಗುರುತ್ವ ಕೇಂದ್ರ ಎಲ್ಲಿದೆ ಎನ್ನುವುದು. ನೀವು ಯಾವ ಜಾಗಕ್ಕೆ ಕಾಲು ಒತ್ತುತ್ತೀರಿ ಎನ್ನುವುದಲ್ಲ. 70 ಕಿಲೋ ಸವಾರನ ಮೊಣಕಾಲಿನಿಂದ ಕೆಳಗಿನ ಎರಡೂ ಕಾಲು, ಪಾದ, ಮೇಲೆ ರೈಡಿಂಗ್ ಬೂಟು ಎಲ್ಲ ಸೇರಿ ಸುಮಾರು 10 ಕಿಲೋ. ಮಾಮೂಲಿ ರಿಯರ್‌ಸೆಟ್ ಪಾದವನ್ನು 30 ಮಿಲಿಮೀಟರ್ ಹಿಂದಕ್ಕೆ ಒಯ್ಯುತ್ತದೆ. ಬೈಕಿನ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುಬಿಂದುಗಳ ನಡುವಿನ ದೂರ, ಸುಮಾರು 1360 ಮಿಲಿಮೀಟರ್. ಹತ್ತನ್ನು ಮೂವತ್ತರಿಂದ ಗುಣಿಸಿ 1360ರಿಂದ ಭಾಗಿಸಿ: 0.22 ಕಿಲೋ. ಅಂದರೆ ಮುಂದಿನ ಚಕ್ರದಿಂದ 220 ಗ್ರಾಂ ಹಿಂದಿನ ಚಕ್ರಕ್ಕೆ ಹೋಯಿತು. ತೊಡೆ ಸ್ವಲ್ಪ ಸರಿಯುವುದನ್ನೂ ಸೇರಿಸಿಕೊಂಡರೆ ಇನ್ನಷ್ಟು ಗ್ರಾಂ ಹೆಚ್ಚಾದೀತು, ಅರ್ಧ ಕಿಲೋ ಮುಟ್ಟುವುದಿಲ್ಲ. ಹೋದ ದಿಕ್ಕು ಗಮನಿಸಿ: ಹಿಂದಕ್ಕೆ.

ಈಗ ಇದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ. ಹೆಲ್ಮೆಟ್ ಸಹಿತ ನಿಮ್ಮ ತಲೆ ಸುಮಾರು 6 ಕಿಲೋ. ಕತ್ತನ್ನು 5 ಸೆಂಟಿಮೀಟರ್ ಮುಂದಕ್ಕೆ ಚಾಚಿದರೆ ಮುಂದಿನ ಚಕ್ರಕ್ಕೆ ಬೀಳುವ ಹೆಚ್ಚುವರಿ ಭಾರವೂ 220 ಗ್ರಾಂ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಪ್ಲೇಟಿನ ಪರಿಣಾಮವನ್ನು ಕತ್ತು ಚಾಚಿಯೇ ಸರಿದೂಗಿಸಬಹುದು. ಸೊಂಟದಿಂದ ಮೇಲಿನ ಇಡೀ ಮೈಯನ್ನು, ಅಂದರೆ ಎದೆ, ತೋಳು, ತಲೆ ಸೇರಿ ಸುಮಾರು 46 ಕಿಲೋವನ್ನು, ಅದೇ 5 ಸೆಂಟಿಮೀಟರ್ ಮುಂದೆ ತಂದರೆ ಹೆಚ್ಚುಕಡಿಮೆ 1.7 ಕಿಲೋ. ಭಾರವನ್ನು ಆಡಿಸುವುದು ಮೈ. ಪೆಗ್ ಅಲ್ಲ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷಿಸಿ. 180 ಕಿಲೋವರೆಗೆ ತೂಗುವ ಡಿಜಿಟಲ್ ತೂಕದ ಯಂತ್ರವನ್ನು ಮುಂದಿನ ಚಕ್ರದ ಕೆಳಗಿಡಿ. ಹಿಂದಿನ ಚಕ್ರದ ಕೆಳಗೆ ಅಷ್ಟೇ ದಪ್ಪದ ಹಲಗೆ ಕೊಡಿ. ಒಬ್ಬರು ಪಕ್ಕದಲ್ಲಿ ನಿಂತು ಬೈಕನ್ನು ನೆಟ್ಟಗೆ ಹಿಡಿದಿರಲಿ. ನೀವು ಹತ್ತಿ ಕೂತು, ಕಾಲನ್ನು ಸವಾರನ ಪೆಗ್ ಮೇಲೆ ಒಮ್ಮೆ, ಹಿಂದೆ ಕೂರುವವರ ಪೆಗ್ (ಪಿಲಿಯನ್ ಪೆಗ್) ಮೇಲೆ ಒಮ್ಮೆ ಇಡಿ. ಸೊಂಟ, ಎದೆ ಅಲುಗಬಾರದು. ಪಿಲಿಯನ್ ಪೆಗ್ ಯಾವ ರಿಯರ್‌ಸೆಟ್‌ಗಿಂತಲೂ ಹಿಂದಿದೆ, ಆದರೂ ಅಂಕಿ ಏರುವುದಿಲ್ಲ.

‘ಆದರೆ ಪೆಗ್ ಮೇಲೆ ಜೋರಾಗಿ ಒತ್ತಿದರೆ?’ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಪೆಗ್ ಮೇಲೆ 20 ಕಿಲೋ ಹೆಚ್ಚು ಒತ್ತಿದರೆ ಸೀಟಿನ ಮೇಲೆ 20 ಕಿಲೋ ಕಡಿಮೆಯಾಗುತ್ತದೆ. ಎರಡೂ ಅದೇ ಫ್ರೇಮಿಗೇ ಸೇರುತ್ತವೆ. ಮೈ ಅಲುಗದಿದ್ದರೆ ಚಕ್ರಗಳಿಗೆ ಏನೂ ಬದಲಾಗುವುದಿಲ್ಲ. ಪೆಗ್ ಮೇಲೆ ಎದ್ದು ನಿಂತರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ ಎಂಬುದೂ ಇದೇ ಗುಂಪಿನ ಮಾತು. ಎದ್ದು ನಿಂತರೆ ಮೈ ಮೇಲೆ ಹೋಗುತ್ತದೆ, ಕೇಂದ್ರವೂ ಅದರ ಜೊತೆ ಮೇಲೇ ಹೋಗುತ್ತದೆ.

ಹಾಗಾದರೆ ಹಾಕಿಸಿಕೊಂಡವರೆಲ್ಲ ‘ಬೈಕ್ ಬದಲಾಗಿದೆ’ ಅನ್ನುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಬದಲಾದದ್ದು ನಿಜ, ಹೇಳುವ ಕಾರಣ ತಪ್ಪು. ಪಾದ ಸೊಂಟಕ್ಕಿಂತ ತೀರ ಮುಂದಿದ್ದರೆ ಮುಂದಕ್ಕೆ ಬಾಗಿದ ಮೈಯನ್ನು ಕಾಲು ಹೊರಲಾರದು, ಆ ಕೆಲಸ ಕೈಗೆ ಬೀಳುತ್ತದೆ. ಪಾದ ಸೊಂಟದ ಅಡಿಗೆ ಬಂದಾಗ ತೊಡೆ ಹೊರುತ್ತದೆ, ಅಂಗೈ ಹಗುರಾಗುತ್ತದೆ. ಹ್ಯಾಂಡಲ್ ಅಮುಕಿ ಹಿಡಿಯದಿದ್ದಾಗ ಮುಂದಿನ ಚಕ್ರ ತನ್ನ ಪಾಡಿಗೆ ತಾನು ಸರಿಯಾಗಿ ತಿರುಗುತ್ತದೆ. ಆ ನೆಮ್ಮದಿಯನ್ನೇ ಜನ ‘ಭಾರ ಬಿತ್ತು’ ಅಂತ ಓದಿಕೊಳ್ಳುತ್ತಾರೆ. ಇನ್ನೊಂದು ಕಾರಣ, ಬಹಳ ಮಂದಿ ರಿಯರ್‌ಸೆಟ್ ಜೊತೆಗೇ ತಗ್ಗಿನಲ್ಲಿ ಕೂರುವ, ಎರಡು ತುಂಡಿನ ಕ್ಲಿಪ್-ಆನ್ ಹ್ಯಾಂಡಲ್ಲೂ ಹಾಕಿಸುತ್ತಾರೆ. ಎದೆಯನ್ನು ಮುಂದೆ ತಂದದ್ದು ಕ್ಲಿಪ್-ಆನ್, ಹೆಸರು ಬಂದದ್ದು ರಿಯರ್‌ಸೆಟ್‌ಗೆ.

ರಿಯರ್‌ಸೆಟ್‌ನಿಂದ ನಿಜವಾಗಿ ಸಿಗುವುದು ಬೈಕ್ ವಾಲುವಾಗ ಪೆಗ್‌ಗೂ ನೆಲಕ್ಕೂ ನಡುವಿನ ಅಂತರ. ಪೆಗ್ ತುದಿ ಬೈಕಿನ ಮಧ್ಯದಿಂದ 330 ಮಿಲಿಮೀಟರ್ ಹೊರಗೆ, ನೆಲದಿಂದ 300 ಎತ್ತರದಲ್ಲಿದ್ದರೆ ಸುಮಾರು 42 ಡಿಗ್ರಿಗೆ ನೆಲ ಮುಟ್ಟುತ್ತದೆ. 20 ಎತ್ತರಿಸಿದರೆ 44 ಡಿಗ್ರಿ. ಟೈರಿನ ಅಗಲ, ಸಸ್ಪೆನ್ಷನ್ ಕುಸಿತ ಇದರಲ್ಲಿ ಸೇರಿಲ್ಲ, ಆದರೂ ಅಂದಾಜಿಗೆ ಸಾಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುವವರಿಗೆ ಆ ಎರಡು ಡಿಗ್ರಿ ದುಡ್ಡು ಕೊಟ್ಟು ಪಡೆಯುವಂಥದ್ದು. ನಂದಿ ಬೆಟ್ಟದ ತಿರುವುಗಳಲ್ಲಿ, ಮರಳು ಜಾರಿರುವ ಡಾಂಬರಿನ ಮೇಲೆ, ಎದುರಿಂದ ಬಸ್ಸು ಬರುವ ದಾರಿಯಲ್ಲಿ 42 ಡಿಗ್ರಿ ವಾಲುವ ಕೆಲಸವೇ ಇಲ್ಲ.

ಇಷ್ಟಾದ ಮೇಲೆ ಆಯ್ಕೆಯ ಮಾತು. ಮೊದಲು ನಿಮ್ಮ ಕಾಲು ಅಳೆಯಿರಿ. ಬೈಕನ್ನು ಪ್ಯಾಡಾಕ್ ಸ್ಟ್ಯಾಂಡ್ (ಚಕ್ರ ಎತ್ತಿ ಬೈಕನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, 25 ಮಿಲಿಮೀಟರ್ ದಪ್ಪದ ಎರಡು ಮರದ ತುಂಡುಗಳನ್ನು ಪೆಗ್‌ಗಳ ಮೇಲಿಟ್ಟು ಕೇಬಲ್ ಟೈ ಬಿಗಿದು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು 20 ನಿಮಿಷ ಸುಮ್ಮನೆ ಕೂತಿರಿ. ಮೊಣಕಾಲಿನ ಒಳಭಾಗ ಜುಮುಗುಟ್ಟಿದರೆ, ಸೊಂಟ ಎಳೆದರೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿತ್ಯ ಅದನ್ನೇ ಅನುಭವಿಸುತ್ತೀರಿ. ಐದೂಮುಕ್ಕಾಲು ಅಡಿ ದಾಟಿದವರಲ್ಲಿ ಹಲವರಿಗೆ ಬೇಕಾಗುವುದು ಎತ್ತರದ ಪೆಗ್ ಅಲ್ಲ, ಸೀಟಿಗೆ ಒಂದಿಂಚು ಹೆಚ್ಚು ಫೋಮ್.

ಪೆಗ್ ಮಡಚುವಂಥದ್ದೇ ಇರಲಿ, ಇದರಲ್ಲಿ ರಾಜಿ ಬೇಡ. ಅಗ್ಗದ ಸೆಟ್‌ಗಳಲ್ಲಿ ಪೆಗ್ಗನ್ನು ನೇರ ಪ್ಲೇಟಿಗೇ ಬೋಲ್ಟ್ ಮಾಡಿರುತ್ತಾರೆ. ಅದು ನೆಲ ಮುಟ್ಟಿದಾಗ ಮಡಚದೆ ಬೈಕನ್ನೇ ಮೇಲಕ್ಕೆ ಮೀಟಿ ಟೈರನ್ನು ನೆಲದಿಂದ ಬಿಡಿಸಬಹುದು. ಬಿದ್ದಾಗಿನ ಕಥೆಯೂ ಹಾಗೇ. ಕಂಪನಿಯ ಎರಕದ ಹ್ಯಾಂಗರ್ (ಪೆಗ್ ಹಿಡಿದಿರುವ ಬ್ರಾಕೆಟ್) ಪೆಟ್ಟು ತಿಂದು ಮುರಿಯುತ್ತದೆ, ಬೇರೆ ತಂದು ಹಾಕಿದರೆ ಮುಗಿಯಿತು. 7075 ಎಂಬ ಗಟ್ಟಿ ಜಾತಿಯ ಅಲ್ಯುಮಿನಿಯಂನ ದಪ್ಪ ಪ್ಲೇಟ್ ಮುರಿಯುವುದಿಲ್ಲ, ಪೆಟ್ಟನ್ನು ಫ್ರೇಮಿನ ಬೋಲ್ಟ್ ಥ್ರೆಡ್‌ಗೆ ದಾಟಿಸುತ್ತದೆ. ಆಗ ಖರ್ಚು ಫ್ರೇಮಿನದು. ರಸ್ತೆಗೆ ಅದಕ್ಕಿಂತ ಮೆದುವಾದ 6061 ಅಲ್ಯುಮಿನಿಯಂ ಸಾಕು. ಮಳೆಯಲ್ಲಿ ಅದು 7075ಗಿಂತ ಚೆನ್ನಾಗಿ ಬಾಳುತ್ತದೆ ಕೂಡ. ಬಿಡಿಭಾಗ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಪೆಗ್ ಒಂದು ಹೋದರೆ ಪೂರ್ತಿ ಸೆಟ್ ಕೊಳ್ಳಬೇಕು ಅನ್ನುವ ಅಂಗಡಿಯಿಂದ ಎದ್ದು ಬನ್ನಿ. ಪೀಣ್ಯದಲ್ಲಿ ಪ್ಲೇಟ್ ಕೊರೆಸಿಕೊಳ್ಳುವುದು ಸುಲಭ. ಲಿವರ್ ತಿರುಗುವ ಬುಶ್‌ನ ಅಳತೆ ಕೂರಿಸುವುದೇ ಕಷ್ಟ, ಅಲ್ಲೇ ಕೆಡುವುದು. ಲಿವರ್ ತುದಿ ಹಿಡಿದು ಅಡ್ಡಕ್ಕೆ ಅಲುಗಿಸಿ. ಹೊಸದರಲ್ಲೇ ಲೊಡಲೊಡ ಅಂದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೇರು ತಪ್ಪತೊಡಗುತ್ತದೆ.

ಇನ್ನು ಜೋಡಣೆ. ಗೇರ್ ಕಡೆ ಒಂದೇ ನಿಯಮ: ಪೆಡಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಲಿಂಕೇಜ್ ರಾಡ್ ಮತ್ತು ಗೇರ್ ಶಾಫ್ಟಿನ ತೋಳು 90 ಡಿಗ್ರಿಯಲ್ಲಿ ಕೂಡಬೇಕು. ಅದು ತಪ್ಪಿದರೆ ಮೇಲಕ್ಕೆ ಸಲೀಸು, ಕೆಳಕ್ಕೆ ಬಿಗಿ, ನಡುವೆ ಸುಳ್ಳು ನ್ಯೂಟ್ರಲ್ (ಎರಡು ಗೇರಿನ ನಡುವೆ ಯಾವುದೂ ಹಿಡಿಯದ ಸ್ಥಿತಿ). ರಾಡಿನ ಒಂದು ತುದಿಯ ಥ್ರೆಡ್ ಉಲ್ಟಾ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದ್ದು, ಬಲವಂತ ಮಾಡಬೇಡಿ. ಎಂ6 (6 ಮಿಲಿಮೀಟರ್ ದಪ್ಪದ ಥ್ರೆಡ್) ರಾಡ್ ಆದರೆ ಎರಡೂ ಕಡೆ ಕನಿಷ್ಠ 9 ಮಿಲಿಮೀಟರ್ ಥ್ರೆಡ್ ಒಳಗಿರಬೇಕು, ಲಾಕ್ ನಟ್ ಬಿಗಿದಿರಬೇಕು. ಫ್ರೇಮಿನ ಬೋಲ್ಟ್‌ಗಳಿಗೆ ಮಧ್ಯಮ ಬಲದ ನೀಲಿ ಥ್ರೆಡ್ ಲಾಕರ್. ಬಿಗಿತ ನಿಮ್ಮ ಬೈಕಿನ ಸರ್ವಿಸ್ ಪುಸ್ತಕ ನೋಡಿಯೇ. ಎಂ8 ಬೋಲ್ಟಿಗೆ ಸಾಮಾನ್ಯವಾಗಿ 22ರಿಂದ 25 ನ್ಯೂಟನ್ ಮೀಟರ್. ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಕ್ವಿಕ್‌ಶಿಫ್ಟರ್‌ನ ಸೆನ್ಸರ್ ರಾಡಿನ ಮೇಲೇ ಇರುವ ಬೈಕಾದರೆ ಹೊಸ ರಾಡ್ ಅದಕ್ಕೆ ಹೊಂದುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ಜೀವಕ್ಕೆ ಸಂಬಂಧಪಟ್ಟದ್ದು ಬ್ರೇಕ್ ಕಡೆ, ಇದನ್ನು ಯಾರೂ ಕೇಳುವುದಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವುದು ಹಿಂದಿನ ಮಾಸ್ಟರ್ ಸಿಲಿಂಡರ್. ಅದರ ಪಿಸ್ಟನ್ ಪೂರ್ತಿ ಹಿಂದೆ ಸರಿದಾಗ ಮಾತ್ರ ಒಳಗಿನ ಒಂದು ಸಣ್ಣ ರಂಧ್ರ ತೆರೆದು, ಬಿಸಿಯಾಗಿ ಹಿಗ್ಗಿದ ಬ್ರೇಕ್ ಆಯಿಲ್ ಡಬ್ಬಿಗೆ ವಾಪಸಾಗುತ್ತದೆ. ಪೆಡಲಿನಿಂದ ಆ ಪಿಸ್ಟನ್ನನ್ನು ಒತ್ತುವ ಪುಶ್ ರಾಡ್ ಒಂದು ಮಿಲಿಮೀಟರ್ ಉದ್ದ ಉಳಿದರೂ ಆ ರಂಧ್ರ ಮುಚ್ಚಿಕೊಂಡೇ ಇರುತ್ತದೆ. ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಪ್ಯಾಡು ಡಿಸ್ಕನ್ನು ಒತ್ತುತ್ತದೆ, ಉಜ್ಜಾಟಕ್ಕೆ ಇನ್ನಷ್ಟು ಬಿಸಿ, ಇನ್ನಷ್ಟು ಒತ್ತಡ. ನೀವು ಕಾಲೇ ಇಡದಿದ್ದರೂ ಕೆಲವೇ ಕಿಲೋಮೀಟರ್‌ನಲ್ಲಿ ಹಿಂದಿನ ಚಕ್ರ ಹಿಡಿದುಕೊಳ್ಳಬಹುದು. ಹೊರವರ್ತುಲ ರಸ್ತೆಯಲ್ಲಿ ಹಿಂದೊಂದು ಟ್ಯಾಂಕರ್ ಇರುವಾಗ ಹೀಗಾಗಬಾರದು. ಪೆಡಲ್ ತುದಿಯಲ್ಲಿ 3ರಿಂದ 5 ಮಿಲಿಮೀಟರ್ ಸಡಿಲ ಆಟ ಕೈಗೆ ಸಿಗಲೇಬೇಕು. ಸ್ಟ್ಯಾಂಡ್ ಮೇಲೆ ಚಕ್ರ ತಿರುಗಿಸಿ, ಬ್ರೇಕ್ ಒತ್ತಿ ಬಿಟ್ಟು, ಮತ್ತೆ ತಿರುಗಿಸಿ. ಎರಡೂ ಸಲ ಒಂದೇ ಹಗುರತನ ಇರಬೇಕು. ಆಮೇಲೆ ಹಿಂದಿನ ಬ್ರೇಕ್ ಮುಟ್ಟದೆ 5 ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಂದು ಡಿಸ್ಕಿಗೆ ಒಂದು ಹನಿ ನೀರು ಬಿಡಿ. ಚುರ್ ಅಂದರೆ ಪುಶ್ ರಾಡ್ ಇನ್ನೂ ಗಿಡ್ಡ ಆಗಬೇಕು.

ಪೆಡಲಿನ ಮೀಟು ಅನುಪಾತವನ್ನೂ ಅಳೆಯಿರಿ. ತಿರುಗುವ ಬಿಂದುವಿನಿಂದ ಹೆಬ್ಬೆರಳಿಗೆ 130, ಪುಶ್ ರಾಡ್‌ಗೆ 26 ಇದ್ದರೆ 5 ಪಟ್ಟು. ಹೊಸದರಲ್ಲಿ 100 ಮತ್ತು 28 ಆದರೆ ಮೂರೂವರೆ ಚಿಲ್ಲರೆ. ಅಷ್ಟೇ ಬ್ರೇಕಿಗೆ ಸುಮಾರು 40 ಶೇಕಡಾ ಹೆಚ್ಚು ಒತ್ತಬೇಕು. ‘ರಿಯರ್‌ಸೆಟ್ ಹಾಕಿಸಿದ ಮೇಲೆ ಹಿಂದಿನ ಬ್ರೇಕ್ ಸತ್ತಂತಿದೆ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ, ಪ್ಯಾಡು ಬದಲಿಸಿ ಉಪಯೋಗವಿಲ್ಲ. ಹೋಸ್ ಬಿಚ್ಚದೆ ಮಾಸ್ಟರ್ ಸಿಲಿಂಡರ್ ಮಾತ್ರ ಸರಿಸಿ. ಎಬಿಎಸ್ ಇರುವ ಬೈಕಿನಲ್ಲಿ ಒಮ್ಮೆ ಗಾಳಿ ಹೊಕ್ಕರೆ ತೆಗೆಯುವುದು ದೊಡ್ಡ ಕೆಲಸ. ಹೋಸ್ ಎಳೆದಂತಾದರೆ ಆ ಸೆಟ್ ನಿಮ್ಮ ಬೈಕಿನದಲ್ಲ. ಬ್ರೇಕ್ ಲೈಟಿನ ಸ್ವಿಚ್ ಹಲವು ಬೈಕ್‌ಗಳಲ್ಲಿ ಪೆಡಲಿಗೆ ಸ್ಪ್ರಿಂಗ್‌ನಿಂದ ಕಟ್ಟಿರುತ್ತದೆ. ಹೊಸ ಪೆಡಲಿನಲ್ಲಿ ಆ ಕೊಕ್ಕೆ ಇಲ್ಲದಿದ್ದರೆ ಬ್ಯಾಂಜೋ ಬೋಲ್ಟಿನ (ಹೋಸನ್ನು ಸಿಲಿಂಡರ್‌ಗೆ ಬಿಗಿಯುವ ಟೊಳ್ಳು ಬೋಲ್ಟಿನ) ಒತ್ತಡದ ಸ್ವಿಚ್ ಹಾಕಿಸಿ. ಅದಕ್ಕೆ ಹೋಸ್ ಬಿಚ್ಚಲೇಬೇಕಾದ್ದರಿಂದ ಹೊಸ ವಾಷರ್ ಹಾಕಿ ಗಾಳಿ ತೆಗೆಯಬಲ್ಲ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಲೈಟು ಹತ್ತದ ಹಿಂದಿನ ಬ್ರೇಕ್ ಇಟ್ಟುಕೊಂಡು ಬೆಂಗಳೂರಿನ ಟ್ರಾಫಿಕ್‌ಗೆ ಇಳಿಯಬೇಡಿ.

ನೀವು ಕೇಳದಿದ್ದರೂ ಹಿಂದೆ ಕೂರುವವರ ಬಗ್ಗೆಯೂ ಹೇಳಬೇಕು. ಟ್ರ್ಯಾಕ್‌ಗೆ ಮಾಡಿದ ಸೆಟ್‌ಗಳಲ್ಲಿ ಪಿಲಿಯನ್ ಪೆಗ್‌ಗೆ ಜಾಗವೇ ಇರುವುದಿಲ್ಲ. ಸವಾರನದೂ ಪಿಲಿಯನ್ನದೂ ಒಂದೇ ಹ್ಯಾಂಗರ್ ಆಗಿರುವ ಬೈಕ್‌ಗಳಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ, ಕೆಲವು ಸಲ ಸೀರೆ ಗಾರ್ಡೂ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ, ಹಿಂದೆ ಒಬ್ಬರು ಕೂರಲು ಅವಕಾಶವಿರುವ ಬೈಕಿಗೆ ಕೈಹಿಡಿ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಗಾರ್ಡ್ ಮೂರೂ ಇರಬೇಕು. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯ ನಂತರ ಒಂದೊಂದಕ್ಕೂ 5000 ರೂಪಾಯಿ ದಂಡಕ್ಕೆ ಅವಕಾಶವಿದೆ. ದಂಡದ ಮಾತು ಬಿಡಿ. ಹಿಂದೆ ಕೂತವರ ದುಪಟ್ಟಾ, ಸೆರಗು ಸ್ಪ್ರಾಕೆಟ್ಟಿಗೆ ಸಿಕ್ಕರೆ ಏನಾಗುತ್ತದೆ ಎಂಬುದು ಈ ಊರಿನ ಯಾರಿಗೂ ಹೇಳಿಕೊಡಬೇಕಿಲ್ಲ. ಪಿಲಿಯನ್ ಪೆಗ್ ತೆಗೆದವರು ಆ ಬೈಕಿನಲ್ಲಿ ‘ಬರೀ ಕೋರಮಂಗಲದವರೆಗೆ’ ಅಂತಲೂ ಯಾರನ್ನೂ ಕೂರಿಸಬಾರದು. ಮನೆಯವರನ್ನು ಕೂರಿಸುವ ಬೈಕಾದರೆ ಪಿಲಿಯನ್ ಬ್ರಾಕೆಟ್ ಉಳಿಸಿಕೊಡುವ ಸೆಟ್ ಮಾತ್ರ ನೋಡಿ. ಅಂಥದ್ದು ನಿಮ್ಮ ಮಾಡೆಲ್‌ಗೆ ಸಿಗದಿದ್ದರೆ ಹಳೆಯ ಹ್ಯಾಂಗರ್ ಇದ್ದಂತೆಯೇ ಇರಲಿ, ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ.