ಮೇಲಿನ ಹೊಲದವರನ್ನು ಬಿಟ್ಟು ಬದು ಹಾಕಿದರೆ

ಬಯಲುಸೀಮೆಯ ಹಳ್ಳಿಗಳಲ್ಲಿ ಜಲಾನಯನ ಕೆಲಸಕ್ಕೆ, ಅಂದರೆ ಬಿದ್ದ ಮಳೆಯನ್ನೂ ಮಣ್ಣನ್ನೂ ಅಲ್ಲೇ ತಡೆದು ನಿಲ್ಲಿಸುವ ಕೆಲಸಕ್ಕೆ, ಹೋದಾಗ ಹೆಚ್ಚು ಕೇಳಿಬರುವ ತಕರಾರು ಇದು: 'ನಮ್ ಹೊಲ್ದಾಗೆ ಬದು ಹಾಕ್ತೀರಾ, ನೀರು ಮಾತ್ರ ಕೆಳಗಿನ ಗೌಡ್ರ ಬಾವಿಗೆ, ಅಲ್ವಾ ಸಾರ್?' ಇದು ಮೊಂಡುತನ ಅಲ್ಲ, ಸರಿಯಾದ ಲೆಕ್ಕ.

ಮಣ್ಣು, ನೀರು ಉಳಿಸುವ ಕೆಲಸ ದಿಣ್ಣೆಯ ತುದಿಯಿಂದ ಹಳ್ಳದ ಕಡೆಗೆ ಬರಬೇಕು. ತುದಿಯಲ್ಲಿ ಸಾಮಾನ್ಯವಾಗಿ ಗೋಮಾಳ, ಅದರ ಕೆಳಗೆ ಬಡವರ ಕಲ್ಲುಹೊಲ. ಬದುವಿಗೆ ಜಾಗ ಬಿಡುವವರು ಇವರು. ಲಾಭ ಜಾಸ್ತಿ ಕಾಣುವುದು ತಗ್ಗಿನ ತೋಟ, ಬೋರ್‌ವೆಲ್ ಇರುವವರಿಗೆ. ಇದಕ್ಕೊಂದು ದಾರಿ ಹುಡುಕದೆ ಹಾಕಿದ ಬದು ಎರಡು ಮಳೆಗಾಲ ಉಳಿದರೆ ಹೆಚ್ಚು. ಯಾರೋ ಒಬ್ಬರು ನೇಗಿಲು ಹೊಡೆದು ಸಮ ಮಾಡಿರುತ್ತಾರೆ.

ಮಳೆ ಹದವಾಗಿ ಬರುತ್ತಿದ್ದರೆ ಹೇಗೋ ನಡೆಯುತ್ತಿತ್ತು. ಈಗ ವಾರಗಟ್ಟಲೆ ಕಾಯಿಸಿ ಒಂದೇ ರಾತ್ರಿ ಸುರಿದುಬಿಡುತ್ತದೆ. ಒಂದು ಎಕರೆಗೆ 50 ಮಿಲಿಮೀಟರ್ ಬಿದ್ದರೆ ಎರಡು ಲಕ್ಷ ಲೀಟರ್ ನೀರು! ಕೆಂಪು ಮಣ್ಣಿನ ಮೇಲ್ಪದರ ಮಳೆಯ ಹೊಡೆತಕ್ಕೆ ಹೆಪ್ಪುಗಟ್ಟುತ್ತದೆ. ನೀರು ಇಂಗದೆ, ಹಾಕಿದ ಗೊಬ್ಬರವನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಮೇಲೆ ತಡೆಯದಿದ್ದರೆ ಕೆಳಗಿನ ಕೆರೆಯ ಹೂಳು ಎಷ್ಟು ತೆಗೆದರೂ ಮುಗಿಯದು.

ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯಲ್ಲಿ ಈ ಗಂಟನ್ನು ಎಪ್ಪತ್ತರ ದಶಕದಲ್ಲೇ ಬಿಡಿಸಲು ಹೊರಟರು. ಚಂಡೀಗಢದ ಸುಖನಾ ಕೆರೆ ಹೂಳು ತುಂಬುತ್ತಿತ್ತು. ಮಣ್ಣು ಬರುತ್ತಿದ್ದದ್ದು ಮೇಲಿನ ಶಿವಾಲಿಕ್ ಗುಡ್ಡಗಳಿಂದ, ಆಡು ಮೇಯ್ದು ಬೋಳಾದ ಜಾಗದಿಂದ. ಮಣ್ಣಿನ ಒಡ್ಡು ಕಟ್ಟಿದರು ಸರಿ, ಆದರೆ ನೀರು ಹೊಲ ಇದ್ದವರಿಗೆ ಮಾತ್ರ ಅಂದರೆ ಉಳಿದವರು ಆಡು ಮೇಯಿಸುವುದನ್ನು ಯಾಕೆ ನಿಲ್ಲಿಸಬೇಕು? ಕೊನೆಗೆ ಪ್ರತಿ ಮನೆಗೂ ನೀರಿನ ಪಾಲು ಕೊಟ್ಟರು. ಭೂಮಿ ಇಲ್ಲದವರು ತಮ್ಮ ಪಾಲನ್ನು ಬೇರೆಯವರಿಗೆ ಮಾರಬಹುದಿತ್ತು. ಆಮೇಲೆ ಗುಡ್ಡ ಕಾಯಲು ಬೇಲಿ ಬೇಕಾಗಲಿಲ್ಲ.

ನಮ್ಮಲ್ಲಿ 2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯೂ ಭೂಮಿ ಇಲ್ಲದವರನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅವರಿಗೆ ಸಣ್ಣಪುಟ್ಟ ಕಸುಬಿಗೆ ನೆರವು ಸಿಕ್ಕಿತು. ಒಳ್ಳೆಯದೇ. ಆದರೆ ನೆರವು ಕೊಡುವುದು ಬೇರೆ, ಯೋಜನೆ ಹಾಕುವಾಗ ಮಾತು ಕೇಳುವುದು ಬೇರೆ.

ಮಾತು ಕೇಳಬೇಕಾದರೆ ಸಭೆ ಬೆಳಿಗ್ಗೆ 11ಕ್ಕೆ ಕರೆಯಬಾರದು. ಆ ಹೊತ್ತಿಗೆ ಕೂಲಿಯವರು ಯಾರೂ ಊರಲ್ಲಿರುವುದಿಲ್ಲ. ನಾವು ರಾತ್ರಿ ಊಟದ ನಂತರ ಕೂರುತ್ತೇವೆ. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಲು ಹೆಂಗಸರಿಗೆ ಬಿಟ್ಟರೆ ಇಂಜಿನಿಯರ್ ನಕ್ಷೆಯಲ್ಲಿ ಇಲ್ಲದ್ದು ಬೀಳುತ್ತದೆ. ಸೌದೆಯ ದಾರಿ, ಹುಲ್ಲು ಕೊಯ್ಯುವ ಜಾಗ, ಬೇಸಿಗೆಯಲ್ಲೂ ಜಿನುಗುವ ಒರತೆ. ಒಂದು ಊರಲ್ಲಿ ಗೋಮಾಳದಲ್ಲಿ ನೀರು ಇಂಗಿಸಲು ತೋಡುವ ಟ್ರೆಂಚ್ ಗೆರೆ ಕುರಿ ಹಾಯುವ ದಾರಿಯನ್ನೇ ಕತ್ತರಿಸಿತ್ತು. ಕುರಿ ಕಾಯುವ ಅಜ್ಜ ಎದ್ದು ಬಂದು, ಬೆರಳಲ್ಲಿ ಪುಡಿ ಅಳಿಸಿ, 'ಇಲ್ಲಿ ನಾಲ್ಕು ಮಾರು ಬಿಡ್ರಪ್ಪಾ' ಅಂದ. ಬಿಟ್ಟೆವು. ಬಿಡದಿದ್ದರೆ ಟ್ರೆಂಚ್ ಅಂಚನ್ನು ಕುರಿಗಳೇ ತುಳಿದು ಇಳಿಸುತ್ತಿದ್ದವು.

ಯಾವ ಪಟ್ಟಿಗೂ ಸೇರದವರು ಇನ್ನೊಂದಷ್ಟು ಜನ ಇದ್ದಾರೆ: ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಬೇರೆಯವರ ಹೊಲ ಉಳುವವರು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಗೇಣಿಗೆ ಬಹುಮಟ್ಟಿಗೆ ಕಾನೂನಿನ ಜಾಗವೇ ಇಲ್ಲ. ಹಾಗಾಗಿ ಎಲ್ಲ ಬಾಯಿಮಾತಿನ ಮೇಲೆ. ಪಹಣಿ ಬೆಂಗಳೂರಲ್ಲಿರುವ ಅಣ್ಣನ ಹೆಸರಲ್ಲಿ, ಬೆವರು ಇವನದು. ಮುಂದಿನ ವರ್ಷ ಹೊಲ ಕೈಯಲ್ಲಿರುತ್ತೋ ಇಲ್ವೋ ಗೊತ್ತಿಲ್ಲದವನು ಬದು ಮೇಲೆ ಹೊಂಗೆ ಸಸಿ ನೆಟ್ಟು ನೀರು ಹೊರುತ್ತಾನಾ? ಸ್ಟೈಲೋ ಹುಲ್ಲಿನ ಬೀಜ ಕೊಡಿ, ಅದೇ ವರ್ಷ ಮೇವು ಸಿಗುತ್ತೆ, ಖುಷಿಯಿಂದ ಎರಚುತ್ತಾನೆ. ಸೊಪ್ಪು ಗೊಬ್ಬರಕ್ಕಾಗುವ ಗ್ಲಿರಿಸಿಡಿಯಾ ಗಿಡವೂ ಆದೀತು.

ನಿಮ್ಮ ಊರಿಗೆ ಇಂಥ ಕೆಲಸ ಬರುತ್ತಿದ್ದರೆ ಕೆಲವನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಬದುವಿನ ಹುಲ್ಲು ಯಾರಿಗೆ? ಕೋಡಿ ಕಿತ್ತುಹೋದರೆ ಕಲ್ಲು ಕೂರಿಸುವವರು ಯಾರು? ಮೇಲಿನ ಹೊಲದವರು ಬಿಟ್ಟ ಜಾಗಕ್ಕೆ ಕೆಳಗಿನವರು ಏನು ಕೊಡುತ್ತಾರೆ, ಹೂಳು ಮಣ್ಣೋ, ಒಂದು ಪಾಲು ನೀರೋ? ಇಷ್ಟಕ್ಕೆ ಊರವರ ಸಹಿ ಬೀಳುವ ತನಕ ಜೆಸಿಬಿ ಕರೆಸಬೇಡಿ.