ಕೀಬೋರ್ಡ್ ಕೊಳ್ಳುವ ಮುನ್ನ ಹದಿಮೂರು ನಾಣ್ಯ

ಹಾರ್ಮೋನಿಯಂನ ಕೀಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಸ್ವರ ಒಂದೇ ಜೋರಿನಲ್ಲಿ ಬರುತ್ತದೆ. ಏರಿಳಿತವೆಲ್ಲ ತಿದಿ ಆಡಿಸುವ ಕೈಯದು. ಪಿಯಾನೋದಲ್ಲಿ ತಿದಿಯೇ ಇಲ್ಲ. ಕೀ ಎಷ್ಟು ಬೇಗ ಇಳಿಯುತ್ತದೋ ಸುತ್ತಿಗೆ ಅಷ್ಟು ರಭಸದಿಂದ ತಂತಿಗೆ ಬಡಿಯುತ್ತದೆ. ಹಾಗಾಗಿ ಪಿಯಾನೋ ಕಲಿಯಲೆಂದು ಕೀಬೋರ್ಡ್ ಹುಡುಕುವವರು ಡಬ್ಬದ ಮೇಲಿನ ‘400 ಟೋನ್’ ಎಂಬ ಜಂಬವನ್ನು ಬದಿಗಿಟ್ಟು, ಮೊದಲು ಕೀಗಳ ಮೇಲೆ ಕೈಯಿಡಬೇಕು.

ಆ ವೇಗವನ್ನು ಕೀಬೋರ್ಡ್ ಅಳೆಯುವ ಉಪಾಯ ಸರಳ. ಪ್ರತಿ ಕೀಯ ಅಡಿಯಲ್ಲಿ ರಬ್ಬರಿನ ಪುಟ್ಟ ಗುಮ್ಮಟ. ಅದರೊಳಗೆ ಎತ್ತರದಲ್ಲಿ ತುಸು ವ್ಯತ್ಯಾಸವಿರುವ ಎರಡು ಇಂಗಾಲದ ಬಿಲ್ಲೆ. ಒಂದು ಮೊದಲು ಸರ್ಕಿಟ್ ಬೋರ್ಡಿಗೆ ತಾಗುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ. ನಡುವಿನ ಮಿಲಿಸೆಕೆಂಡುಗಳನ್ನು ಎಣಿಸಿ ಚಿಪ್ 1ರಿಂದ 127ರೊಳಗಿನ ಒಂದು ಅಂಕಿ ಕೊಡುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳು ಒಂದರೊಡನೊಂದು ಮಾತಾಡಲೆಂದು 1983ರಲ್ಲಿ ಬಂದ ಮಿಡಿ (MIDI) ಪದ್ಧತಿಯ ಲೆಕ್ಕ ಅದು. ತೀರಾ ಅಗ್ಗದ ಮಾದರಿಗಳಲ್ಲಿ ಈ ಟಚ್ ರೆಸ್ಪಾನ್ಸ್ ಇರುವುದಿಲ್ಲ. ಅಂಥದ್ದು ಬೇಡ.

ಸೆಕೆಂಡ್‌ಹ್ಯಾಂಡ್ ನೋಡುತ್ತಿದ್ದರೆ ಎಲ್ಲ ಕೀಗಳನ್ನೂ ಒಂದೇ ಹದದಲ್ಲಿ ಒತ್ತಿಕೊಂಡು ಹೋಗಿ. ನಡುವೆ ಒಂದು ಕಿರುಚಿದರೆ ಅಥವಾ ಮೂಕಾದರೆ ಹೆಚ್ಚಿನ ಸಲ ಬಿಲ್ಲೆಗೆ ದೂಳು ಮೆತ್ತಿದೆ ಎಂದರ್ಥ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಸರಿಹೋಗುವುದುಂಟು. ಚೌಕಾಸಿಗೆ ಒಳ್ಳೆಯ ನೆಪ, ಬಿಟ್ಟುಬರಲು ಕಾರಣವಲ್ಲ.

ಇನ್ನು ಕೀಗಳ ತೂಕ. ಪಿಯಾನೋ ಕೀಯ ತುದಿಯನ್ನು ನಿಧಾನವಾಗಿ ಇಳಿಸಲು 50 ಗ್ರಾಂ ಆಸುಪಾಸು ಬೇಕು. 2011ರ ಸರಣಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ, ಹದಿಮೂರು ಸೇರಿದರೆ 49. ನಡುವಿನ ಬಿಳಿ ಕೀಯ ತುದಿಯಲ್ಲಿ ಒಂದರ ಮೇಲೊಂದು ಪೇರಿಸುತ್ತ ಹೋಗಿ. (ಹತ್ತರ ನಾಣ್ಯ ಕೀಗಿಂತ ಅಗಲ, ಪಕ್ಕದ ಕೀಗಳ ಮೇಲೆ ಕೂತುಬಿಡುತ್ತದೆ.) ಸ್ಪ್ರಿಂಗ್ ಇರುವ ಕೀ ಸ್ವಲ್ಪ ಇಳಿದು ಅಲ್ಲೇ ನಿಲ್ಲುತ್ತದೆ, ಏಕೆಂದರೆ ಒತ್ತಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಒಳಗೆ ಸುತ್ತಿಗೆ ಇರುವ ‘ಹ್ಯಾಮರ್ ಆ್ಯಕ್ಷನ್’ ಕೀ ಮೊದಲು ಜಗ್ಗುವುದಿಲ್ಲ. ಸಾಕಷ್ಟು ಭಾರ ಬಿದ್ದಮೇಲೆ ಒಮ್ಮೆ ಹೊರಟರೆ ಹೆಚ್ಚುಕಡಿಮೆ ತಳ ಮುಟ್ಟಿಯೇ ನಿಲ್ಲುತ್ತದೆ. ಬೆರಳು ಕಲಿಯಬೇಕಾದದ್ದು ಈ ಎರಡನೆಯದನ್ನು.

ಕೀಗಳ ಸಂಖ್ಯೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಪಿಯಾನೋಗೆ 88, ಮೊದಲ ವರ್ಷದ ಪಾಠಗಳಿಗೆ ಸಾಮಾನ್ಯವಾಗಿ 61 ಸಾಕು. ಆದರೆ ಹ್ಯಾಮರ್ ಕೀಗಳು ಬೇಕೆಂದರೆ ಹೆಚ್ಚಾಗಿ 88ರದ್ದೇ ಸಿಗುತ್ತದೆ. ಅಗಲ ಕಿರಿದಾದ ಮಿನಿ ಕೀಗಳು ಮಾತ್ರ ಬೇಡವೇ ಬೇಡ, ಕೈಯ ಅಂದಾಜೇ ತಪ್ಪುತ್ತದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಕೂರುವ ಯೋಚನೆಯಿದ್ದರೆ ಮೊದಲೇ ಟೀಚರನ್ನು ಕೇಳಿ: ಅಲ್ಲಿ ಪಿಯಾನೋ ಪಠ್ಯ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡಿನ ಪಠ್ಯ ಬೇರೆ.

ಪಾಲಿಫೊನಿ, ಅಂದರೆ ಒಮ್ಮೆಲೇ ಎಷ್ಟು ದನಿ ಮೊಳಗಬಲ್ಲದು ಎಂಬುದು, 64 ಇದ್ದರೆ ನೆಮ್ಮದಿ. 32ರ ಉಪಕರಣದಲ್ಲಿ ಸ್ಟೀರಿಯೊ ಪಿಯಾನೋ ಪ್ರತಿ ಸ್ವರಕ್ಕೆ ಎರಡನ್ನು ನುಂಗಿದರೆ ಉಳಿಯುವುದು 16. ಸ್ವರವನ್ನು ಎಳೆದು ನಿಲ್ಲಿಸುವ ಕಾಲಿನ ಪೆಡಲ್ ಒತ್ತಿ ನುಡಿಸುವಾಗ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿ ಹೋಗುತ್ತವೆ.

ಅಡಾಪ್ಟರ್ ಕಳೆದರೆ ಪಿನ್ ಹೊಂದಿತೆಂದು ಯಾವುದನ್ನೋ ಚುಚ್ಚಬೇಡಿ. 9 ವೋಲ್ಟಿನವೂ ಇವೆ, 12ರವೂ ಇವೆ. ಕೆಲವಕ್ಕೆ ನಡುವಿನ ಪಿನ್ ಪ್ಲಸ್, ಕೆಲವಕ್ಕೆ ಮೈನಸ್. ಪೆಡಲನ್ನು ಕೀಬೋರ್ಡ್ ಆಫ್ ಇದ್ದಾಗಲೇ ಸಿಕ್ಕಿಸಿ. ಅದರ ಮೇಲೆ ಕಾಲಿಟ್ಟುಕೊಂಡೇ ಸ್ವಿಚ್ ಹಾಕಿದರೆ ಎಷ್ಟೋ ಮಾದರಿಗಳು ಉಲ್ಟಾ ತಿಳಿಯುತ್ತವೆ: ಕಾಲು ತೆಗೆದಾಗ ಸ್ವರ ಎಳೆಯುತ್ತದೆ, ಒತ್ತಿದಾಗ ನಿಲ್ಲುತ್ತದೆ. ರಿಪೇರಿಗೆ ಒಯ್ಯುವ ಮೊದಲು ಆಫ್ ಮಾಡಿ, ಕಾಲೆತ್ತಿ, ಮತ್ತೆ ಆನ್ ಮಾಡಿ.